ಪಕ್ಕದ ಮನೆಯ ಮೀನಿನ ಮೇಲೆ ಕಪ್ಪು

ಮೊದಲ ದಿನ ಅದನ್ನು ನೆರಳು ಅಂದುಕೊಂಡೆ. ಕಿತ್ತಳೆ ಬಣ್ಣದ ಮೈ, ಬಿಳಿ ಪಟ್ಟೆ, ಕೆನ್ನೆಯ ಹತ್ತಿರ ಕಾಡಿಗೆಯ ಬೆರಳು ತಾಗಿಸಿದ ಹಾಗೆ ಒಂದು ಕಪ್ಪು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಮೀನು ತಿರುಗಿತು, ಕಪ್ಪೂ ಜೊತೆಗೇ ತಿರುಗಿತು. ಮೂರನೆಯ ದಿನಕ್ಕೆ ಹೊಟ್ಟೆಯ ಮೇಲೆ ಇನ್ನೆರಡು, ಜೋಡಿ ಮೀನಿನ ರೆಕ್ಕೆಯ ಬುಡದಲ್ಲಿ ಒಂದು.

ಮೀನುಗಳು ನನ್ನವಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಗುತ್ತಲಿನಲ್ಲಿ ನಮ್ಮ ಪಕ್ಕದ ಮನೆಯ ಲಾರಿ ಮೆಕ್ಯಾನಿಕ್, ಹೆಂಡತಿಯ ಜೊತೆ ಹಜ್‌ಗೆ ಹೊರಟಾಗ ನನ್ನ ಮೇಲೆ ಬಿಟ್ಟು ಹೋಗಿದ್ದ ಮೀನುಗಳವು. ಆತನೇ ಕೈಯಾರೆ ಪೈಪು, ಪಂಪು ಜೋಡಿಸಿದ ಉಪ್ಪುನೀರಿನ ಗಾಜಿನ ತೊಟ್ಟಿ. ಒಳಗೆ ಜೀವಂತ ಹವಳಗಳು, ಒಂದು ಸೀಗಡಿ, ಬಸವನಹುಳುಗಳು, ಈ ಎರಡು ಕ್ಲೌನ್ ಫಿಶ್. ಸುತ್ತ ಕಬ್ಬು ಬೆಳೆಯುವ ಊರಿನಲ್ಲಿ ಇಷ್ಟಗಲದ ಸಮುದ್ರ!

"ಆರು ವರ್ಷದಿಂದ ಸಾಕಿರೋವು ಅಮ್ಮಾ. ನಿಮ್ಮನ್ನ ನಂಬಿ ಕೊಡ್ತಿರೋ ಅಮಾನತ್ತು" ಅಂದಿದ್ದ.

"ಡೋಂಟ್ ವರಿ, ಐ ವಿಲ್ ಮ್ಯಾನೇಜ್" ಅಂದಿದ್ದೆ ನಾನು, ಕಾನ್ವೆಂಟಿನ ಸ್ಕೂಲ್ ಲೀಡರ್ ಠೀವಿಯಲ್ಲಿ. ಈ ವಯಸ್ಸಿನಲ್ಲಿ ನಮ್ಮನ್ನು ನಂಬಿ ಕೈಗೆ ಏನನ್ನಾದರೂ ಕೊಡುವವರೇ ಅಪರೂಪ. ಹಿಗ್ಗಿಬಿಟ್ಟಿದ್ದೆ.

ಏನೇ ಆದರೂ ಫೋನ್ ಮಾಡಿ ಅಂತಲೂ ಹೇಳಿದ್ದ. ಆದರೆ ಜನ್ಮಕ್ಕೊಂದು ಸಲ ದೇವರ ಮುಂದೆ ನಿಲ್ಲಲು ಹೋದವನಿಗೆ ಮೀನಿನ ಮಚ್ಚೆಯ ಸುದ್ದಿ ಹೇಳುವುದೆ? ಮನಸ್ಸು ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಪ್ರೈಡ್ ಕೂಡ ಒಪ್ಪಲಿಲ್ಲ.

ಮೊಬೈಲಿನಲ್ಲಿ ಹುಡುಕಿದೆ. ಒಂದೊಂದು ಪೇಜಿನಲ್ಲಿ ಒಂದೊಂದು ರೋಗ, ಎಲ್ಲದರ ಕೊನೆಗೂ ಸಾವು. ಔಷಧಿ ಅಂತ ಪದೇ ಪದೇ ಕಾಣುತ್ತಿದ್ದ ಹೆಸರು ಕಾಪರ್. ಅನ್ನ ತಟ್ಟೆಯಲ್ಲೇ ಉಳಿಯಿತು. ಮಂಡಿ ನೋವಿನ ಚಿಕಿತ್ಸೆಗೆಂದು ಬಸರಾಳಿನಿಂದ ಬಂದು ನನ್ನ ಜೊತೆ ಇದ್ದ ನಾದಿನಿ ತಟ್ಟೆ ನೋಡಿದಳು, ಮುಖ ನೋಡಿದಳು.

"ಮೀನ್ಗೆ ಮಚ್ಚೆ ಬಂದ್ರೆ ನೀನ್ಯಾಕೆ ಊಟ ಬುಟ್ಟಿದ್ದೀಯೆ ಅತ್ಗೆ?"

"ಕಾಪರ್ ಹಾಕಬೇಕಂತೆ ಕಣೆ. ಅದನ್ನ ಎಲ್ಲಿಂದ ತರಲಿ?"

"ಅಂಗಂದ್ರೆ?"

"ತಾಮ್ರದ್ದು. ನೀಲಿ ಹರಳು."

"ಅಯ್ಯೋ, ಮೈಲುತುತ್ತ ಅನ್ನು! ದನಗೋಳ ಗೊರಸು ಕೊಳ್ತ್ರೆ ಅದ್ರ ನೀರಲ್ಲೇ ನಿಲ್ಲುಸ್ತೀವಿ. ಎಲ್ಡೇ ದಿನುಕ್ಕೆ ವಾಸಿ. ಇಂಗ್ಲಿಸ್ ಓದ್ಬುಟ್ಟು ಇಷ್ಟೂ ಗೊತ್ತಿಲ್ವಾ?"

ಮಾರನೆಯ ದಿನ ಊರಿನಿಂದ ಬಂದ ಯಾರದೋ ಕೈಯಲ್ಲಿ ಪೊಟ್ಟಣ ತರಿಸಿಯೇಬಿಟ್ಟಳು. ನನ್ನ ಇಂಟರ್‌ನೆಟ್ಟೂ ಅವಳ ದನದ ಕೊಟ್ಟಿಗೆಯೂ ಒಂದೇ ಮಾತು ಹೇಳುತ್ತಿರುವಾಗ ಅನುಮಾನಕ್ಕೆ ಜಾಗವೆಲ್ಲಿ? ನೀಲಿ ಹರಳನ್ನು ಲೋಟದಲ್ಲಿ ಕರಗಿಸಿಕೊಂಡು ತೊಟ್ಟಿಯ ಮುಂದೆ ನಿಂತೆ. ಬಯಾಲಜಿ ಕಲಿಸುತ್ತಿದ್ದ ಸಿಸ್ಟರ್ ನೆನಪಾದರು. ಯಾವುದನ್ನೇ ಆಗಲಿ, ಮೊದಲು ಸ್ವಲ್ಪದರಲ್ಲಿ ಮಾಡಿ ನೋಡಬೇಕು ಅನ್ನುತ್ತಿದ್ದರು. ಮೀನು ಹಿಡಿಯುವ ಧೈರ್ಯವಿರಲಿಲ್ಲ. ಗಾಜಿಗೆ ಅಂಟಿದ್ದ ಒಂದು ಬಸವನಹುಳುವನ್ನು ಬಿಡಿಸಿ, ಬಟ್ಟಲಿನಲ್ಲಿ ತೊಟ್ಟಿಯದೇ ನೀರು ತುಂಬಿ ಅದರೊಳಗೆ ಬಿಟ್ಟು, ಮೇಲೊಂದು ಹನಿ ಹಾಕಿದೆ.

ಹುಳು ತಕ್ಷಣ ಚಿಪ್ಪಿನೊಳಗೆ ಸೇರಿಕೊಂಡಿತು. ಆಮೇಲೆ ಮಗುಚಿ ಬಿತ್ತು. ಬದುಕೀತೇನೋ ಎಂದು ಸಂಜೆ ಅದನ್ನೆತ್ತಿ ತೊಟ್ಟಿಗೇ ವಾಪಸ್ ಬಿಟ್ಟೆ. ಬಿದ್ದಲ್ಲೇ ಇತ್ತು.

"ಉಳ ತಾನೆ ಸತ್ತದ್ದು, ಮೀನಲ್ವಲ್ಲ. ಆಕು ಅತ್ಗೆ" ಅಂದಳು ನಾದಿನಿ.

ಹಾಕಲಿಲ್ಲ. ನಾಚಿಕೆ ಬಿಟ್ಟು ಫೋಟೊ ಕಳಿಸಿ ಫೋನ್ ಮಾಡಿದೆ. ಆ ಕಡೆ ಸಾವಿರ ಜನರ ಸದ್ದು, ಅದರ ನಡುವೆ ಆತನ ನಗು.

"ಹೊರಡೋ ವಾರ ಒಂದು ಹೊಸ ಹವಳ ಇಟ್ಟಿದ್ನಲ್ಲಮ್ಮಾ, ಬೆರಳು ಬೆರಳಾಗಿರೋದು. ಅದರಲ್ಲಿ ಹೊಕ್ಕೊಂಡಿರ್ತಾವಾ?"

"ಹೂಂನಪ್ಪ, ಇಡೀ ದಿನ ಅದರಲ್ಲೇ ಮೈಯುಜ್ಜಿಕೊಂಡು ಬಿದ್ದಿರುತ್ತವೆ."

"ಅದು ಚುಚ್ಚುತ್ತೆ, ಅದಕ್ಕೇ ಕಪ್ಪಾಗಿರೋದು. ರೋಗ ಅಲ್ಲ. ಮೈ ಒಗ್ಗಿದ ಮೇಲೆ ತಾನೇ ಹೋಗುತ್ತೆ. ನೀರಿಗೆ ಏನೂ ಹಾಕ್ಲಿಲ್ಲ ತಾನೆ?"

ಇಲ್ಲ ಅಂದುಬಿಡಬಹುದಿತ್ತು. ಎಲ್ಲ ಹೇಳಿದೆ. ಆತನ ನಗು ನಿಂತೇಹೋಯಿತು.

"ಮೈಲುತುತ್ತನಾ? ಅಮ್ಮಾ, ಅದು ಬಿದ್ರೆ ಹವಳ, ಸೀಗಡಿ ಒಂದೂ ಉಳಿಯಲ್ಲ. ಆ ಹುಳ ಎಲ್ಲಿ?"

"ತೊಟ್ಟಿಯಲ್ಲಿ."

"ಈಗಲೇ ತೆಗೀರಿ. ಸ್ಟ್ಯಾಂಡ್ ಕೆಳಗೆ ಇದ್ದಿಲಿನ ಚೀಲ ಇದೆ. ಫಿಲ್ಟರ್ ನೀರು ಬೀಳೋ ಕಡೆ ಇಡಿ, ವಿಷ ಹೀರ್ಕೊಳ್ಳುತ್ತೆ. ಈಗಲೇ."

ಹುಳು ತೆಗೆದೆ, ಚೀಲ ಇಟ್ಟೆ. ಆಮೇಲೆ ಕಾಯುವುದಷ್ಟೇ ಉಳಿದಿತ್ತು. ಚಿಪ್ಪಿನೊಳಗೆ ಮೈಲುತುತ್ತ ಎಷ್ಟು ನಿಂತಿತ್ತೋ, ನನ್ನ ಬೆರಳಲ್ಲಿ ಎಷ್ಟು ಅಂಟಿತ್ತೋ. ಎರಡು ದಿನ ಸೀಗಡಿ ಕಲ್ಲಿನ ಸಂದಿಯಿಂದ ಹೊರಗೆ ಬರಲಿಲ್ಲ. ಹವಳಗಳು ಮುದುಡಿದಂತೆ ಕಾಣುತ್ತಿದ್ದವು, ಇಲ್ಲವೇ ನನ್ನ ಕಣ್ಣಿಗೆ ಹಾಗನ್ನಿಸುತ್ತಿತ್ತು. ನಾದಿನಿಯೂ ಪಾಪ, ಗೋಡೆಗೊರಗಿ ಕೂತು, "ನಂದೇ ತಪ್ಪು ಕಣತ್ಗೆ" ಅಂದಳು. ಅವಳಾದರೂ ಹಸುಗಳನ್ನು ವಾಸಿ ಮಾಡಿದವಳು. ನಾನು ಯಾವುದನ್ನು ತಾನೇ ವಾಸಿ ಮಾಡಿದ್ದೆ?

ಮೂರನೆಯ ಬೆಳಿಗ್ಗೆ ಸೀಗಡಿಯ ಮೀಸೆ ಕಂಡಿತು. ನನಗೆ ಅಳು ಬಂತು.

ಗಂಡ ಹೆಂಡತಿ ಹಜ್ ಮುಗಿಸಿ ಬಂದಾಗ ಎರಡೂ ಮೀನು ಇದ್ದವು. ಕಪ್ಪು ಇನ್ನೂ ಪೂರ್ತಿ ಹೋಗಿರಲಿಲ್ಲ. ಆತ ತೊಟ್ಟಿಯ ಮುಂದೆ ಕೂತು ಬಹಳ ಹೊತ್ತು ನೋಡಿದ. ನಾನು ಬಾಗಿಲಲ್ಲೇ ನಿಂತಿದ್ದೆ.

"ಬಕ್ರೀದ್‌ಗೆ ಊರಲ್ಲಿರ್ಲಿಲ್ಲ, ಮಳವಳ್ಳಿಯ ಅಕ್ಕನ ಮನೇಲಿ ಎರಡು ದಿನ ಇದ್ದು ಬರಬೇಕು. ನೋಡ್ಕೊಳ್ತೀರಾ ಅಮ್ಮಾ?"

"ನೋಡಿಕೊಳ್ತೀನಿ. ಆದರೆ ಒಂದು ಚುಕ್ಕೆ ಕಂಡರೂ ಫೋನ್ ಮಾಡ್ತೀನಿ. ನೀನು ನಮಾಜಿನಲ್ಲೇ ಇರು, ನಿದ್ದೇಲೇ ಇರು."

ಆತ ನಕ್ಕ. ನಾನು ತಮಾಷೆಗೆ ಹೇಳಿರಲಿಲ್ಲ.