ಇಪ್ಪತ್ತೊಂದನೆಯ ಫ್ಲಾಪಿ

೧೯೮೬ರಲ್ಲಿ ನಾನು ಪುಣೆಯ ಹಡಪಸರದಲ್ಲಿ, ಕಂಪ್ಯೂಟರ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಹೆಲ್ಪರ್ ಇದ್ದೆ. ಕಲಿತದ್ದು ಐದನೇ ಇಯತ್ತೆ. ಆದರೂ ಕರ್ನಲ್‌ನೊಳಗಿನ ಒಂದು ತಪ್ಪು ಹಿಡಿಸಿಕೊಟ್ಟವಳು ನಾನು! ಮೊಮ್ಮಕ್ಕಳಿಗೆ ಎಷ್ಟು ಸಲ ಹೇಳಿದರೂ ಈ ಹಿಗ್ಗು ಇಳಿಯೋದಿಲ್ಲ. ಕರ್ನಲ್ ಅಂದರೆ ಮಷೀನಿನ ಎಲ್ಲ ಕೆಲಸ ನಡೆಸುವ ಮೂಲ ಪ್ರೋಗ್ರಾಂ.

ಮೊದಲು ಕಸ ಹೊಡೆಯುತ್ತಿದ್ದೆ. ಎರಡು ವರ್ಷದ ಮೇಲೆ ಕುರ್ಚಿ ಸಿಕ್ಕಿತು. ಗಿರಾಕಿಗಳಿಂದ ವಾಪಸ್ ಬಂದ ಫ್ಲಾಪಿಗಳನ್ನು ಒಂದೊಂದಾಗಿ ಹಾಕಿ, ಅದನ್ನು ತೆರೆಯಲು ‘ಮೌಂಟ್’ ಅಂತ ಟೈಪ್ ಮಾಡಬೇಕು. ತೆರೆದವು ಟ್ರೇಗೆ, ತೆರೆಯದವು ಡಬ್ಬಿಗೆ. ಆದರೆ ದಿನಾ ಮಧ್ಯಾಹ್ನದ ಹೊತ್ತಿಗೆ ಮಷೀನು ಕಲ್ಲಿನಂತೆ ಕೂತುಬಿಡುತ್ತಿತ್ತು. ಬಂದ್ ಮಾಡಿ ಶುರು ಮಾಡಿದರೆ ಮತ್ತೆ ಸರಿ.

ಧಾರವಾಡ ಕಡೆಯ ಇಂಜಿನಿಯರ್ ದೇಸಾಯಿ ಸಾಹೇಬರು ಬಂದು ನಲವತ್ತು ಫ್ಲಾಪಿ ಹಾಕಿ ನೋಡಿದರೂ ಏನೂ ಆಗುತ್ತಿರಲಿಲ್ಲ. ಅವರು ಎದ್ದು ಹೋದರೆ ನನಗೆ ಮತ್ತೆ ಅದೇ ರಗಳೆ. ಮೂರು ವಾರ ಹೀಗೇ. ಸಿಟ್ಟಿಗೆ ಅಳುವೇ ಬರುತ್ತಿತ್ತು. ಸೂಪರ್‌ವೈಸರ್ ಎಲ್ಲರೆದುರು ಮರಾಠಿಯಲ್ಲಿ, “ಬಾಈ, ತುಮಚಾ ಹಾತಚ ವಾಈಟ!” ಅಂದ. ನನ್ನ ಕೈಯೇ ಕೆಟ್ಟದ್ದಂತೆ! ಸೋಮವಾರದಿಂದ ಮತ್ತೆ ಕಸಬರಿಗೆ ಹಿಡೀರಿ ಅಂತಲೂ ಹೇಳಿದ.

ಶನಿವಾರ ಸಾಹೇಬರು ಕಡೆಯ ಸಲ ನೋಡಲು ಬಂದು, ಒಳ್ಳೆಯ ಫ್ಲಾಪಿಗಳ ಟ್ರೇಗೇ ಕೈ ಹಾಕಿದರು. ಆಗ ನನಗೆ ಹೊಳೆಯಿತು.

“ಸಾಹೇಬ್ರ, ನೀವು ಬರೇ ಚಲೋವು ಹಾಕ್ತೀರಿ. ಇವನ್ನ ಹಾಕಿ ನೋಡ್ರಿ,” ಅಂತ ಡಬ್ಬಿ ಮುಂದಿಟ್ಟೆ.

“ತೆರೀಲಾರದ್ದು ಹಾಕಿ ಏನ್ ನೋಡೂದವಾ?”

“ಕಲ್ತವ್ರು ಕೆಟ್ಟದ್ದನ್ನ ಮುಟ್ಟೂದಿಲ್ಲ. ನಾ ಮುಟ್ಟತೀನಿ, ಅದಕ್ಕ ಬೈಸ್ಕೋತೀನಿ. ಇವತ್ತೊಂದಿನ ನೀವೂ ಮುಟ್ರಿ.”

ಮಷೀನು ಹೊಸದಾಗಿ ಶುರು ಮಾಡಿ, ನಗುತ್ತ ಹಾಕತೊಡಗಿದರು. ಇಪ್ಪತ್ತರವರೆಗೆ ಬರೀ ಎರರ್. ಇಪ್ಪತ್ತೊಂದನೆಯದಕ್ಕೆ ಮಷೀನು ನಿಂತಿತು. ಸಾಹೇಬರ ನಗುವೂ ನಿಂತಿತು.

ಪ್ರೋಗ್ರಾಂ ಬರೆದ ಹಾಳೆಗಳನ್ನು ಟೇಬಲ್ ತುಂಬ ಹರಡಿ ಹುಡುಕಿದರು. ಫ್ಲಾಪಿ ಓದಲು ಕರ್ನಲ್ ಮೆಮರಿಯಲ್ಲಿ ಬಫರ್ ಅನ್ನುವ ಒಂದು ಜಾಗ ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಬಿಡುತ್ತದೆ. ಆದರೆ ಫ್ಲಾಪಿ ತೆರೆಯದಿದ್ದಾಗ ಎರರ್ ಹೇಳಿ ಹಾಗೇ ಹೊರಬೀಳುತ್ತಿತ್ತು, ಹಿಡಿದ ಜಾಗ ಬಿಡುತ್ತಿರಲಿಲ್ಲ. ಇದ್ದದ್ದೇ ಇಪ್ಪತ್ತು ಬಫರ್. ಮುಂದಿನ ಫ್ಲಾಪಿಗೆ ಜಾಗವಿಲ್ಲದೆ ಮಷೀನು ಸುಮ್ಮನೆ ಕಾಯುತ್ತ ಕೂಡುತ್ತಿತ್ತು.

ಎರರ್ ಬಂದಾಗಲೂ ಜಾಗ ಬಿಡುವಂತೆ ಸಾಹೇಬರು ಒಂದೇ ಸಾಲು ಸೇರಿಸಿದರು. ಸಂಜೆ ನಾನು ಡಬ್ಬಿಯಲ್ಲಿದ್ದ ಅಷ್ಟೂ ಫ್ಲಾಪಿ ಹಾಕಿದೆ. ಮಷೀನು ನಿಲ್ಲಲಿಲ್ಲ. ತಪ್ಪು ನಮ್ಮದು, ಇವರನ್ನು ಕುರ್ಚಿಯಿಂದ ಏಳಿಸಬೇಡಿ ಅಂತ ಸಾಹೇಬರೇ ಸೂಪರ್‌ವೈಸರ್‌ಗೆ ಹೇಳಿದರು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ಅಂದುಕೊಂಡದ್ದು ಆಗದೆ ಹೋದರೂ, ಹಿಡಿದದ್ದನ್ನು ಬಿಟ್ಟೇ ಹೊರಗೆ ಬರಬೇಕು. ಇಲ್ಲದಿದ್ದರೆ ಆಮೇಲೆ ಬಂದವರಿಗೆ ಜಾಗ ಉಳಿಯೋದಿಲ್ಲ.