ಪ್ಲೇಗ್ ಷೆಡ್ಡಿನ ಮಾದಮ್ಮ

ದೆವ್ವ, ಪವಾಡ, ಮೈಮೇಲೆ ಬರುವುದು, ಇಂಥ ಮಾತು ಯಾರಾದರೂ ತೆಗೆದರೆ ನಾನು ಎದ್ದು ಹೋಗಿಬಿಡುತ್ತಿದ್ದೆ. ಎದ್ದು ಹೋಗಲು ಆಗದ ಕಡೆ ಕೂತು ನಗುತ್ತಿದ್ದೆ. ಮನೆಯವರು ಅದನ್ನು ಸೊಕ್ಕು ಎನ್ನುತ್ತಿದ್ದರು, ನಾನು ಓದಿನ ಫಲ ಎಂದುಕೊಂಡಿದ್ದೆ. ಅಕ್ಷರ ಮುತ್ತಿನ ಹಾಗಿದೆ ಎಂದು ಮೇಲಿನವರಿಂದ ಹೊಗಳಿಸಿಕೊಂಡಿದ್ದ ಇಪ್ಪತ್ತಮೂರು ವರ್ಷದ ಗುಮಾಸ್ತ ಇನ್ನೇನು ಅಂದುಕೊಂಡಾನು? ಆ ನಗು ಈಗ ನನ್ನಲ್ಲಿಲ್ಲ. ಹಾಗೆಂದು ಎಲ್ಲವನ್ನೂ ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದುವ ನೀವು ನನಗಿಂತ ಜಾಣರಾಗಿದ್ದರೆ ಅರ್ಥ ಮಾಡಿಕೊಳ್ಳಿ.

ಅದು ಪ್ಲೇಗಿನ ಕಾಲ. ಮೈಸೂರು ಸಂಸ್ಥಾನದ ಸರಹದ್ದಿನ ಆಚೆ, ಕೊಯಮತ್ತೂರು ಸೀಮೆಯಿಂದ ಬರುವವರೆಲ್ಲ ನಂಜನಗೂಡಿಗೇ ಬಂದು ಹತ್ತು ದಿನ ಷೆಡ್ಡಿನಲ್ಲಿದ್ದು ಹೋಗಬೇಕೆಂದು ಕಟ್ಟಳೆಯಾಗಿತ್ತು. ಕಪಿಲೆಯ ದಂಡೆಯಿಂದ ಸ್ವಲ್ಪ ದೂರದಲ್ಲಿ ಸೋಗೆ ಹೊದಿಸಿದ ಎರಡು ಉದ್ದನೆಯ ಷೆಡ್ಡು, ಸುತ್ತ ಮುಳ್ಳುಬೇಲಿ, ಒಂದೇ ಗೇಟು, ಅಲ್ಲೊಬ್ಬ ದಫೇದಾರ. ಹತ್ತು ದಿನ ಜ್ವರ, ಗಡ್ಡೆ ಕಾಣದಿದ್ದರೆ ಪಾಸ್‌ಪೋರ್ಟ್ ಎಂಬ ಚೀಟಿ ಕೊಟ್ಟು ಬಿಡುತ್ತಿದ್ದೆವು. ಬೆಳಿಗ್ಗೆ ಸಂಜೆ ಹಾಜರಿ ಕೂಗುವುದು, ಚಹರೆ ಪಟ್ಟಿ ಬರೆಯುವುದು, ಚೀಟಿ ಕೊಡುವುದು ನನ್ನ ಕೆಲಸ. ಸ್ವಂತ ಗಾಡಿಯಲ್ಲಿ ಬಂದ ದೊಡ್ಡವರು ವಿಳಾಸ ಬರೆಸಿ ಮನೆಗೆ ಹೋಗುತ್ತಿದ್ದರು. ಕಾಲ್ನಡಿಗೆಯಲ್ಲಿ ಬಂದವರು, ಕೊಡಗಿನ ಕಾಫಿ ತೋಟಕ್ಕೆ ಹೊರಟ ಕೂಲಿಯವರು, ಬೇಲಿಯೊಳಗೆ. ಕಾಯಿಲೆ ನಡೆದು ಬಂದವರಿಗೆ ಮಾತ್ರ ಅಂಟುತ್ತದೆಯೇ ಎಂದು ಕೇಳಬೇಕೆಂದು ಆಗ ನನಗೆ ತೋಚಲಿಲ್ಲ.

ಒಂದು ದಿನ ಹಾಗೆ ನಡೆದು ಬಂದವರ ಜೊತೆಯಲ್ಲಿ ಮಾದಮ್ಮ ಎಂಬುವಳು ಬಂದಳು. ತಾಳವಾಡಿ ಕಡೆಯ ಹಳ್ಳಿಯವಳು, ವಯಸ್ಸು ನಲವತ್ತೈದರ ಆಸುಪಾಸು. ಎಡಹುಬ್ಬಿನ ಮೇಲೆ ಕುಡುಗೋಲು ತಗುಲಿದ ಉದ್ದನೆಯ ಗಾಯದ ಗುರುತು. ಅದನ್ನು ನಾನೇ ಚಹರೆ ಪಟ್ಟಿಯಲ್ಲಿ ಬರೆದುಕೊಂಡೆ. ಅವಳ ಒಬ್ಬಳೇ ಮಗಳು ನರಸೀಪುರದಲ್ಲಿ ಹರಿಗೋಲು ಹಾಕುವ ನಿಂಗಯ್ಯ ಎಂಬುವನ ಹೆಂಡತಿ. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕಿತ್ತು, ಆದರೆ ಪ್ಲೇಗಿಗೆ ಹೆದರಿ ತವರಿನ ಊರೇ ಖಾಲಿಯಾಗಿ ಜನ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅದಕ್ಕೇ ತಾಯಿ ತಾನೇ ಹೊರಟು ಬಂದಿದ್ದಳು.

“ತುಂಬಿದ ಬಸುರಿ ಬುದ್ಧಿ, ಮನೇಲಿ ಎಣ್ಣು ದಿಕ್ಕಿಲ್ಲ. ನನ್ನ ಬುಟ್ಬುಡಿ. ಎರಿಗೆ ಆಗ್ತಿದ್ದಂಗೆ ನಾನೇ ವಾಪಸ್ ಬಂದು ಈ ಬೇಲಿ ಒಳಗೆ ಕುಂತ್ಕತೀನಿ,” ಎಂದು ಕೈಮುಗಿದಳು.

ಕಟ್ಟಳೆ ಎಲ್ಲರಿಗೂ ಒಂದೇ ಎಂದೆ. ಅದು ಸುಳ್ಳು ಎಂದು ಆಗಲೇ ಮೇಲೆ ಬರೆದಿದ್ದೇನೆ. ಅವಳು ಮತ್ತೆ ಕೇಳಲಿಲ್ಲ, ಗಂಟನ್ನು ಕಂಕುಳಲ್ಲಿ ಒತ್ತಿಕೊಂಡು ಒಳಗೆ ಹೋಗಿ ನರಸೀಪುರದ ದಾರಿ ಕಾಣುವ ಕಡೆ ಕೂತಳು.

ಮೂರನೆಯ ದಿನ ಬೆಳಿಗ್ಗೆ ಷೆಡ್ಡಿನಲ್ಲಿ ಗದ್ದಲವೆದ್ದಿತು. ಕೊಡಗಿಗೆ ಹೊರಟಿದ್ದ ತಮಿಳು ಕೂಲಿ ಹೆಂಗಸೊಬ್ಬಳಿಗೆ ನೋವು ಶುರುವಾಗಿತ್ತು. ಡಾಕ್ಟರು ಬರುವ ದಿನವಲ್ಲ. ಸೂಲಗಿತ್ತಿಯನ್ನು ಕರೆದರೆ ಷೆಡ್ಡಿನೊಳಗೆ ಕಾಲಿಡುವುದಿಲ್ಲ ಎಂದಳು, ಒಳಗೆ ಬಂದರೆ ಅವಳೂ ಹತ್ತು ದಿನ ಅಲ್ಲೇ ಇರಬೇಕಲ್ಲ! ಆಗ ಮಾದಮ್ಮ ಎದ್ದಳು. ಗಂಟು ಬಿಚ್ಚಿದಳು. ಒಣಶುಂಠಿ, ಮೆಣಸು, ಬಜೆ, ಬೆಲ್ಲ, ಹಳೆ ಸೀರೆ ಹರಿದು ಮಾಡಿದ ಮೆತ್ತನೆ ಬಟ್ಟೆ, ಎಲ್ಲ ಮಗಳಿಗೆಂದು ತಂದದ್ದು. ಅರೆಬರೆ ತಮಿಳಿನಲ್ಲಿ ಗದರಿಸುತ್ತ, ಸಮಾಧಾನ ಹೇಳುತ್ತ ಮಧ್ಯಾಹ್ನದ ಹೊತ್ತಿಗೆ ಗಂಡುಮಗುವನ್ನು ಕೈಗೆತ್ತಿಕೊಂಡಳು. ಬೇಲಿಯೊಳಗಿದ್ದ ಮೂವತ್ತು ಚಿಲ್ಲರೆ ಜನ ತಮ್ಮದೇ ಮನೆಗೆ ಮಗು ಬಂದಷ್ಟು ಸಂಭ್ರಮಪಟ್ಟರು. ದಫೇದಾರ ಕೂಡ ತನ್ನ ಮನೆಯಿಂದ ಹರಳೆಣ್ಣೆ ತಂದುಕೊಟ್ಟ.

ಅಲ್ಲಿಂದ ಮುಂದೆ ನಾನು ಬೆಳಗಿನ ಹಾಜರಿ ಕೂಗುವಾಗೆಲ್ಲ ಮಾದಮ್ಮ ಕಾಲು ನೀಡಿ ಕೂತು, ಮಗುವನ್ನು ಕಾಲಮೇಲೆ ಮಲಗಿಸಿಕೊಂಡು ನೀರೆರೆಯುತ್ತಿರುತ್ತಿದ್ದಳು. ತಲೆ ಎತ್ತದೆ “ಇವ್ನಿ ಬುದ್ಧಿ” ಎನ್ನುತ್ತಿದ್ದಳು. ನಾನು ಗುರುತು ಹಾಕುತ್ತಿದ್ದೆ.

ಆರನೆಯ ದಿನ ಕಾಗದಪತ್ರ ತೆಗೆದುಕೊಂಡು ನಾನು ನರಸೀಪುರದ ತಾಲ್ಲೂಕು ಕಚೇರಿಗೆ ಹೋಗಬೇಕಾಯಿತು. ಹಾಜರಿ ಮುಗಿಸಿ ಗಾಡಿ ಹತ್ತುವಾಗ ಮಾದಮ್ಮ ಬೇಲಿಯ ಹತ್ತಿರ ಓಡಿಬಂದಳು. “ನನ್ನ ಮಗ್ಳಿಗೊಂದು ಮಾತು ಯೋಳಿ ಬುದ್ಧಿ. ಅವ್ವ ಬತ್ತಾವ್ಳೆ, ಎದರ್ಕಬ್ಯಾಡ ಅಂತ.” ಆಗಲಿ ಎಂದೆ. ಗಾಡಿ ತಿರುಗುವವರೆಗೂ ಅವಳು ಅಲ್ಲೇ ನಿಂತಿದ್ದಳು.

ಕಚೇರಿ ಕೆಲಸ ಮುಗಿದಾಗ ಇನ್ನೂ ಸಾಕಷ್ಟು ಬಿಸಿಲಿತ್ತು. ಹರಿಗೋಲಿನ ನಿಂಗಯ್ಯನ ಮನೆ ಎಂದರೆ ಕೇಳಿದ ಕೂಡಲೇ ತೋರಿಸಿದರು. ಬಾಗಿಲಲ್ಲೇ ಸಾಂಬ್ರಾಣಿ ವಾಸನೆ. ನಿಂಗಯ್ಯ ಬಾಯಿತುಂಬ ನಗುತ್ತ ಚಾಪೆ ಹಾಸಿದ. “ಎಣ್ಣು ಮಗ ಬುದ್ಧಿ, ಮೂರು ದಿನ ಆಯ್ತು. ದೇವ್ರು ದೊಡ್ಡೋನು. ನೋವು ಸುರುವಾಗೋ ಒತ್ಗೆ ಸರ್ಯಾಗಿ ನಮ್ಮತ್ತೆ ಬಂದ್ರು.”

ಯಾವ ಅತ್ತೆ ಎಂದು ಕೇಳಿದೆ.

“ಇನ್ಯಾವ ಅತ್ತೆ? ನನ್ನ ಎಂಡ್ತಿ ಅವ್ವ, ಮಾದಮ್ಮ.”

ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಬಿಸಿನೀರಿನ ಬಿಂದಿಗೆ ಹಿಡಿದು ಮಾದಮ್ಮ ಬಂದಳು. ಅದೇ ಮುಖ, ಅದೇ ಸೀರೆ, ಎಡಹುಬ್ಬಿನ ಮೇಲೆ ಅದೇ ಗುರುತು. ಗುರುತಿಲ್ಲದವರನ್ನು ನೋಡುವ ಹಾಗೆ ನನ್ನನ್ನು ನೋಡಿ, ಸೆರಗು ತಲೆಗೆಳೆದುಕೊಂಡು, “ಯಾರಪ್ಪ ಇವ್ರು?” ಎಂದು ಅಳಿಯನನ್ನು ಕೇಳಿ ಒಳಗೆ ಹೋದಳು. ಒಳಗಿನಿಂದ ಮಗುವಿಗೆ ನೀರೆರೆಯುವ ಸದ್ದು, ಮಗು ಕಿರುಚುವ ಸದ್ದು ಕೇಳಿಸಿತು.

ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಬೇಲಿ ದಾಟಿ ಓಡಿಬಂದಿದ್ದಾಳೆ, ದಫೇದಾರ ನಿದ್ದೆ ಹೊಡೆದಿದ್ದಾನೆ ಎಂದುಕೊಂಡೆ. ಆಮೇಲೆ ನೆನಪಾಯಿತು, ಇವತ್ತು ಬೆಳಿಗ್ಗೆ ನಾನೇ ಅವಳ ಜೊತೆ ಮಾತಾಡಿ ಗಾಡಿ ಹತ್ತಿದ್ದೇನೆ. ಇವರು ಮೂರು ದಿನದ ಲೆಕ್ಕ ಹೇಳುತ್ತಿದ್ದಾರೆ. ಹೆದರಿಕೆಯಾದದ್ದು ಆಗ. ಅಕ್ಕತಂಗಿಯರು ಇದ್ದಿರಬಹುದು ಎನ್ನುತ್ತೀರಿ. ನಾನೂ ಅದನ್ನೇ ಕೇಳಿದೆ. ಮಾದಮ್ಮ ಅವರಪ್ಪನಿಗೆ ಒಬ್ಬಳೇ ಮಗಳು ಎಂದ ನಿಂಗಯ್ಯ. ಹೇಳಲು ಬಂದ ಸುದ್ದಿಯನ್ನು ಹೇಳದೆ, ಅವನು ಕೊಟ್ಟ ಮಜ್ಜಿಗೆ ಕುಡಿದು ಎದ್ದುಬಂದೆ.

ಮರುದಿನ ಮಧ್ಯಾಹ್ನ ನಂಜನಗೂಡಿಗೆ ಬಂದವನೇ ಷೆಡ್ಡಿಗೆ ಹೋದೆ. ಒಂದು ನರಪಿಳ್ಳೆಯೂ ಹೊರಗೆ ಹೋಗಿಲ್ಲ ಎಂದು ದಫೇದಾರ ಆಣೆ ಮಾಡಿದ. ಆಣೆ ಬೇಕಿರಲಿಲ್ಲ, ಮಾದಮ್ಮ ಅಲ್ಲೇ ಕೂಲಿ ಹೆಂಗಸಿನ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ನನ್ನನ್ನು ಕಂಡದ್ದೇ ಮಗುವನ್ನು ತಾಯಿಯ ಕೈಗೆ ಕೊಟ್ಟು ಓಡಿಬಂದಳು. ಹೆಣ್ಣುಮಗು, ಇಬ್ಬರೂ ಚೆನ್ನಾಗಿದ್ದಾರೆ ಎಂದೆ. ನಿಂತಲ್ಲೇ ಕುಸಿದು ಕೂತು ಅತ್ತಳು, ಅಳುತ್ತಲೇ ನಕ್ಕಳು. ಅದು ನಟನೆಯಲ್ಲ. ಅವಳಿಗೆ ಏನೂ ಗೊತ್ತಿರಲಿಲ್ಲ.

“ಜೊತೇಲಿ ಯಾರಿದ್ರು ಬುದ್ಧಿ? ಮಗೀನ ಯಾರು ಎತ್ಕಂಡ್ರು?”

ಒಬ್ಬ ಅವ್ವ ಇದ್ದರು ಎಂದೆ.

“ಯಾವ ತಾಯೋ, ಅವಳ ವೊಟ್ಟೆ ತಣ್ಣಗಿರ್ಲಿ,” ಎಂದು ನರಸೀಪುರದ ಕಡೆಗೆ ಕೈಮುಗಿದಳು.

ಅದನ್ನು ನೋಡಿಕೊಂಡು ಸುಮ್ಮನೆ ನಿಲ್ಲುವುದು ನನ್ನಿಂದ ಆಗಲಿಲ್ಲ. ಅವಳಿಗೆ ಇನ್ನೂ ಮೂರು ದಿನ ಬಾಕಿಯಿತ್ತು. ಮುಂದಿನ ತಾರೀಖು ಹಾಕಿ ಚೀಟಿ ಬರೆದು, ಗೇಟು ತೆಗೆಸಿ, ಮೊಮ್ಮಗಳನ್ನು ಎತ್ತಿಕೋ ಹೋಗಮ್ಮ ಎಂದೆ. ಉಳಿದ ಮೂರು ದಿನ ಪುಸ್ತಕದಲ್ಲಿ ಅವಳನ್ನು ಹಾಜರು ಎಂದೇ ಬರೆದೆ. ಮುತ್ತಿನಂಥ ಅಕ್ಷರದಲ್ಲಿ ನಾನು ಸುಳ್ಳು ಬರೆದದ್ದು ಅದೇ ಮೊದಲು. ಉಳಿದವರನ್ನು ಬಿಡುವ ಧೈರ್ಯ ಅವತ್ತು ಬರಲಿಲ್ಲ. ಆ ಕೊರಗು ಈಗಲೂ ಇದೆ. ಮಾದಮ್ಮ ಕೂಲಿ ಹೆಂಗಸಿಗೆ ಮಿಕ್ಕ ಶುಂಠಿ, ಬಜೆ ಕೊಟ್ಟು, ಮಗುವಿಗೆ ದೃಷ್ಟಿ ತೆಗೆದು ಹೊರಟಳು. ಅವಳ ಹಿಂದೆ ಹೋಗಿ ಆ ಮನೆಯಲ್ಲಿ ಏನಾಗುತ್ತದೆ ಎಂದು ನೋಡುವಷ್ಟು ಗಂಡೆದೆ ನನ್ನದಲ್ಲ.

ಐದಾರು ತಿಂಗಳಾದ ಮೇಲೆ ನಿಂಗಯ್ಯ ಹೆಂಡತಿ, ಮಗು ಸಮೇತ ಹರಕೆ ತೀರಿಸಲು ನಂಜನಗೂಡಿಗೆ ಬಂದವನು ಸ್ನಾನಘಟ್ಟದ ಹತ್ತಿರ ಸಿಕ್ಕಿದ. ಮಗು ಗುಂಡುಗುಂಡಾಗಿತ್ತು. ಕುಶಲ ಕೇಳಿದ ಮೇಲೆ, ನಾನು ಬಂದುಹೋದ ಮೇಲೆ ನಿಮ್ಮತ್ತೆ ಬಂದು ಸೇರಿದರೇ ಎಂದು ಕೇಳಿಯೇಬಿಟ್ಟೆ.

ನಿಂಗಯ್ಯನಿಗೆ ಪ್ರಶ್ನೆಯೇ ತಿಳಿಯಲಿಲ್ಲ. “ಬಂದು ಸೇರೋದೇನು ಬುದ್ಧಿ? ಅವ್ರು ಎಲ್ಗೂ ಓಗೇ ಇಲ್ವಲ್ಲ. ಮೂರು ತಿಂಗಳು ಬಾಣಂತನ ಮುಗಿಸ್ಕೊಟ್ಟೇ ಊರಿಗೆ ಓಗಿದ್ದು.”

ಅವನ ಹೆಂಡತಿ ಮಗುವನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡು ನಕ್ಕಳು. “ನೀವು ಬಂದೋದ್ರಲ್ಲ ಬುದ್ಧಿ, ಅದಾಗಿ ಎಲ್ಡನೇ ದಿನ, ಬೆಳಿಗ್ಗೆ ಸೌದೆ ಆಯ್ಕಬತ್ತೀನಿ ಅಂತ ಓದೋರು ಮದ್ಯಾನಕ್ಕೆ ಬಂದ್ರು. ಬಂದೋರೆ ಈ ಮಗೀನ ಎತ್ಕಂಡು, ಇದೇ ಮೊದ್ಲು ನೋಡ್ದಂಗೆ ಗೊಳೋ ಅಂತ ಅತ್ತುಬುಟ್ರು. ನಮ್ಗೆ ನಗು ಬಂತು. ಸೌದೆ ಎಲ್ಲವ್ವ ಅಂದ್ರೆ, ಯಾವ ಸೌದೆ ಅಂತ ನಮ್ಮನ್ನೇ ಕೇಳುದ್ರು.”

ನಾನೂ ನಕ್ಕೆ, ಆದರೆ ಹಿಂದಿನ ನಗುವಲ್ಲ ಅದು. ಇದು ಹೇಗೆ ಆಯಿತು ಎಂದು ಅವತ್ತಿನಿಂದ ಇವತ್ತಿನವರೆಗೆ ಯೋಚಿಸಿದ್ದೇನೆ, ತಲೆಬುಡ ತಿಳಿದಿಲ್ಲ. ಮಾದಮ್ಮ ಮೊಮ್ಮಗಳನ್ನು ಎತ್ತಿಕೊಂಡು ಅತ್ತಳು ಎಂಬುದೊಂದು ಗೊತ್ತು, ಅದನ್ನು ನೆನೆದಾಗಲೆಲ್ಲ ಗೇಟು ತೆಗೆಸಿದ್ದು ಒಳ್ಳೆಯದಾಯಿತು ಎನಿಸುತ್ತದೆ.