ಖುದ್ದು ಮಾಡಿದ್ದೋ, ಕೇಳಿದ್ದೋ

ನರಗುಂದದ ಗ್ರಂಥಪಾಲಕಿಯವರ ಬಲಗೈ ಬೆರಳುಗಳಿಗೆ ಸದಾ ಮೈದಾ ಅಂಟು ಒಣಗಿ ಹತ್ತಿಕೊಂಡಿರುತ್ತಿತ್ತು. ಹರಿದ ಪುಸ್ತಕಗಳನ್ನು ಅವರೇ ಅಂಟಿಸುತ್ತಿದ್ದರು. ಅಂಟು ತಾಗದ ಕಿರುಬೆರಳೊಂದರಿಂದಲೇ ಮೊಬೈಲಿನಲ್ಲಿ ಬ್ಲಾಗು ಬರೆಯುತ್ತಿದ್ದರು. ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಗ್ರಂಥಪಾಲಕರು ಅದರಲ್ಲಿ ತಮ್ಮ ಅನುಭವಗಳನ್ನು ಸೇರಿಸುತ್ತಿದ್ದರೆಂದು ಈ ಮೂಲಕ ನಮೂದಿಸಬಯಸುತ್ತೇನೆ.

ಸದರಿ ಬ್ಲಾಗಿಗೆ ಒಂದು ನಿಯಮವಿತ್ತು: ತಮ್ಮಲ್ಲಿ ಕೆಟ್ಟುಹೋದ ಕೆಲಸವನ್ನೇ ಮೊದಲು ಬರೆಯಬೇಕು. ಹೊಳೆಆಲೂರಿನ ಗ್ರಂಥಾಲಯದ ಹಂಗಾಮಿ ಮೇಲ್ವಿಚಾರಕನಾದ ನನಗೆ ಇದರ ಉದ್ದೇಶದ ಬಗ್ಗೆ ಬಲವಾದ ಅನುಮಾನವಿತ್ತು. ನಮ್ಮ ತಪ್ಪನ್ನು ನಮ್ಮಿಂದಲೇ ಬರೆಸಿ ಮೇಲಧಿಕಾರಿಗಳಿಗೆ ತಲುಪಿಸುವ ಉಪಾಯವೆಂದೇ ಭಾವಿಸಿದ್ದೆ. ಆದ್ದರಿಂದ ಇತರರ ಬರಹದ ಕೆಳಗೆ ಒಂದು ಪ್ರಶ್ನೆಯನ್ನಷ್ಟೇ ಹಾಕುತ್ತಿದ್ದೆ: "ಇದು ತಾವು ಖುದ್ದು ಮಾಡಿದ್ದೋ, ಕೇಳಿದ್ದೋ?"

ಒಂದು ಮಳೆಗಾಲದಲ್ಲಿ ಮಲಪ್ರಭೆಯ ನೀರು ಒಳನುಗ್ಗಿ ಮಕ್ಕಳ ಪುಸ್ತಕಗಳೆಲ್ಲ ತೊಯ್ದವು. ಅವು ಹಾಳಾದರೆ ನನ್ನ ಹಂಗಾಮಿ ಕೆಲಸ ಉಳಿಯುವುದು ಕಷ್ಟವಿತ್ತು. ನೀರಿಳಿದ ಮೇಲೆ ಅವನ್ನು ಬಿಸಿಲಿಗೆ ಹರವುತ್ತಿರುವಾಗ, ಹಳೆಯ ದಿನಪತ್ರಿಕೆಗಳ ಗಂಟು ಹೊತ್ತು ನರಗುಂದದ ಗ್ರಂಥಪಾಲಕಿಯವರು ಹೇಳದೆ ಕೇಳದೆ ಬಂದರು. ಬಂದವರೇ ಫೋಟೋ ತೆಗೆದರು.

"ಅಕ್ಕಾರ, ಈ ಫೋಟೋ ಯಾರಿಗೆ ಹೋಗತೈತ್ರಿ?" ಎಂದೆ.

"ಡೀಸಿ ಸಾಹೇಬ್ರಿಗೇನ ಅಲ್ಲ ತಗೋರಿ. ಮೊದಲ ನೆರಳಿಗೆ ಎತ್ತಿಡ್ರಿ. ಹಿಂಗ ಬಿಸಲಿಗೆ ಹಾಕಿ ನಾ ಒಂದ್ ಕಪಾಟ ಪುಸ್ತಕ ಹಪ್ಪಳ ಮಾಡೀನಿ."

"ಖುದ್ದ ಮಾಡಿದ್ದೇನ್ರಿ, ಕೇಳಿದ್ದೇನ್ರಿ?"

ಅವರು ನಕ್ಕರು. "ಖುದ್ದ ಕೆಡಿಸೀನ್ರಿ ಸರ್ರ. ಕೂಡ್ರಿ ಈಗ."

ಹಾಳೆಗಳ ನಡುವೆ ಪತ್ರಿಕೆ ಇಟ್ಟು, ಅದು ತೊಯ್ದಂತೆಲ್ಲ ಬದಲಿಸುತ್ತ ಸಂಜೆಯವರೆಗೆ ಕುಳಿತೆವು. ಫೋಟೋ ಬ್ಲಾಗಿನಲ್ಲಿ ಬಂದಾಗ ಊರಿನ ಹೆಸರಾಗಲಿ ನನ್ನ ಹೆಸರಾಗಲಿ ಇರಲಿಲ್ಲ. ಪಕ್ಕದಲ್ಲಿ ಅವರು ಹಿಂದೆ ಕೆಡಿಸಿದ ಪುಸ್ತಕಗಳ ಚಿತ್ರವಿತ್ತು. ಬಣ್ಣದ ಹಾಳೆಗಳು ಒಂದಕ್ಕೊಂದು ಹತ್ತದಂತೆ ಮೇಣದ ಕಾಗದ ಇಡಬೇಕೆಂದು ಗಜೇಂದ್ರಗಡದವರು ತಿಳಿಸಿ, ನಾನು ಕೇಳುವ ಮೊದಲೇ "ಖುದ್ದು ಮಾಡಿದ್ದು" ಎಂದು ಸೇರಿಸಿದ್ದರು. ಪುಸ್ತಕಗಳು ಉಳಿದವು, ನಾನೂ ಉಳಿದೆ. ಆದರೂ ಇವರಿಗೆ ಇದರಿಂದ ಏನು ಲಾಭವೆಂಬ ಅನುಮಾನ ಹೋಗಲಿಲ್ಲ.

ಮುಂದೆ ನರಗುಂದದ ಗ್ರಂಥಪಾಲಕಿಯವರು ಹಾಸಿಗೆ ಹಿಡಿದಾಗ ಫೋನ್ ಮಾಡಿ, ಬ್ಲಾಗನ್ನು ನಾನೇ ನೋಡಿಕೊಳ್ಳಬೇಕೆಂದರು.

"ನಾನ ಯಾಕ್ರಿ, ಅಕ್ಕಾರ?"

"ಉಳದಾವ್ರೆಲ್ಲಾ ಓದಿ ಭಾಳ ಚಲೋ ಐತಿ ಅಂತಾರ. ಖರೇ ಏನು ಅಂತ ಕೇಳಾವ್ರು ನೀವೊಬ್ಬರ."

ಹೀಗಾಗಿ ಸದರಿ ಬ್ಲಾಗಿನಲ್ಲಿ ಇದು ನನ್ನ ಮೊದಲ ಬರಹ. ಮೇಲೆ ಬರೆದದ್ದೆಲ್ಲ ನಾನು ಖುದ್ದು ಕಂಡದ್ದು. ಅವರು ತೀರಿಕೊಂಡರೆಂಬುದು ಮಾತ್ರ ಕೇಳಿದ್ದು.